ಅರ್ಧ ಗಿಣಿಯ ಅಚ್ಚು

ಸಂಕ್ರಾಂತಿಯ ಹಿಂದಿನ ದಿನ, ದೇವರಿಗೆ ದೀಪ ಹಚ್ಚಿದ ಮೇಲೆ, ನಾನೊಂದು ಮರದ ತುಂಡನ್ನು ಬೋಗುಣಿಯ ನೀರಿನಲ್ಲಿ ಮುಳುಗಿಸಿಡುತ್ತೇನೆ. ಅಂಗೈಯಷ್ಟಿರುವ ತೇಗದ ತುಂಡು. ಅದರ ಒಂದು ಮೈಯಲ್ಲಿ ಗಿಣಿಯ ಅರ್ಧ ಆಕಾರವನ್ನು ಕೊರೆದು ತೆಗೆದಿದೆ. ಒಂದು ಕಣ್ಣು, ಒಂದು ರೆಕ್ಕೆ, ಕೊಕ್ಕಿನ ಒಂದು ಪಕ್ಕ. ರೆಕ್ಕೆಯ ಮೇಲೆ ಚಾಕು ಗೀರಿದ ಗಾಯವೂ ಇದೆ. ಬೆಳಗ್ಗೆ ತೆಗೆದು, ಒರೆಸಿ, ಹಳೆಯ ಬಿಸ್ಕತ್ತಿನ ಡಬ್ಬದೊಳಗೆ ಮತ್ತೆ ಮಲಗಿಸುತ್ತೇನೆ. ಅಷ್ಟೇ. ಅದರಿಂದ ಏನನ್ನೂ ಮಾಡುವುದಿಲ್ಲ, ಮಾಡಲು ಬರುವುದೂ ಇಲ್ಲ.

ನನ್ನ ಸೊಸೆ ನಗುತ್ತಾಳೆ. “ಏನತ್ತೆ, ನಿಮ್ಮ ಗಿಣಿಗೆ ವರ್ಷಕ್ಕೊಂದೇ ಸ್ನಾನವಾ?” ಎನ್ನುತ್ತಾಳೆ. ಮುದುಕಿಯರಿಗೆ ಒಂದೊಂದು ಚಾಳಿ ಇದ್ದೇ ಇರುತ್ತದೆ. ಕೆಲವರು ಹಳೇ ಬೀಗದ ಕೈ ಎತ್ತಿಡುತ್ತಾರೆ, ಬೀಗ ಕಳೆದು ಎಷ್ಟೋ ಕಾಲವಾಗಿದ್ದರೂ. ನನ್ನದು ಇದು ಎಂದುಕೊಳ್ಳಲಿ ಎಂದು ನಾನೂ ನಕ್ಕು ಸುಮ್ಮನಾಗುತ್ತೇನೆ.

ಸಕ್ಕರೆ ಅಚ್ಚು ನಿಮಗೆಲ್ಲ ಗೊತ್ತಿರುವುದೇ. ಎಳ್ಳು, ಬೆಲ್ಲ, ಕೊಬ್ಬರಿಯ ಜೊತೆ ತಟ್ಟೆಯಲ್ಲಿ ಕೂರುವ ಬಿಳಿಯ ಗಿಣಿ, ಆನೆ, ತುಳಸಿಕಟ್ಟೆ, ಹೂಬುಟ್ಟಿ. ಹಲ್ಲಿಲ್ಲದ ಅಜ್ಜಿಯರು ಚೀಪುತ್ತಾರೆ, ಮಕ್ಕಳು ಮೊದಲು ತಲೆ ಕಚ್ಚುತ್ತಾರೆ. ನಾನು ಮೈಸೂರಿನ ಕಾನ್ವೆಂಟಿನಲ್ಲಿ ಓದುತ್ತಿದ್ದಾಗ ಒಮ್ಮೆ ಹೊಲಿಗೆ ಕಲಿಸುತ್ತಿದ್ದ ಸಿಸ್ಟರಿಗೆ ಒಂದು ಸಕ್ಕರೆಯ ಕೋಳಿ ಕೊಟ್ಟಿದ್ದೆ. ಅವರದನ್ನು ತಿನ್ನುವುದೆಂದು ತಿಳಿಯದೆ ಮೇಜಿನ ಮೇಲೆ ಗಾಜಿನ ಬೊಂಬೆಯ ಹಾಗೆ ಇಟ್ಟುಕೊಂಡರು. ಒಂದು ವಾರದಲ್ಲಿ ಇರುವೆಗಳು ಸಾಲುಗಟ್ಟಿ ಬಂದು ಕೋಳಿಯ ಕಾಲನ್ನೇ ಕಡಿದವು. ಸಿಸ್ಟರು ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು, ಉಳಿದದ್ದನ್ನು ನನಗೇ ವಾಪಸು ಕೊಟ್ಟರು. ನಾನು ಅದನ್ನು ಇರುವೆ ಊದಿ ತಿಂದೆ.

ಕಾನ್ವೆಂಟು ನನಗೆ ಕಲಿಸಿದ್ದು ಕ್ರೋಶಾ ಹೆಣೆಯುವುದು, ಮಾತಿಗೆ ಮುಂಚೆ ‘ಪ್ಲೀಸ್’ ಅನ್ನುವುದು, ಮತ್ತು ಎಲೆಕ್ಷನ್. ಹೌದು, ತರಗತಿಯ ಲೀಡರನ್ನು ನಾವೇ ಆರಿಸಬೇಕಿತ್ತು. ಹೆಸರು ಬರೆದ ಚೀಟಿಯನ್ನು ಸಿಸ್ಟರ ಹೊಲಿಗೆಬುಟ್ಟಿಗೆ ಹಾಕುವುದು. ಒಂದು ವರ್ಷ ನಾನೂ ನಿಂತಿದ್ದೆ. ನನಗೆ ಬಿದ್ದದ್ದು ಒಂದೇ ಚೀಟಿ. ಅಕ್ಷರ ಬಹಳ ಮುದ್ದಾಗಿತ್ತು, ಏಕೆಂದರೆ ಅದು ನನ್ನದೇ. ಗೆದ್ದ ಹುಡುಗಿ ಎಲ್ಲರಿಗೂ ಬಿಡುವಿನ ಹೊತ್ತು ಹೆಚ್ಚಿಸುತ್ತೇನೆ ಎಂದಿದ್ದಳು. ಲೀಡರಾದ ಮೇಲೆ ಮೊದಲ ಕೆಲಸವಾಗಿ ಗಲಾಟೆ ಮಾಡಿದವರ ಹೆಸರು ಬರೆಯಲು ಶುರುಮಾಡಿದಳು. ಅದರಲ್ಲೂ ಮೊದಲ ಹೆಸರು ನನ್ನದು. ದೊಡ್ಡವರ ಎಲೆಕ್ಷನ್ನೂ ಇದಕ್ಕಿಂತ ಬೇರೆಯಲ್ಲ ಎಂದು ತಿಳಿಯಲು ನನಗೆ ಮದ್ದೂರಿಗೆ ಬರಬೇಕಾಯಿತು.

ಮದುವೆಯಾಗಿ ಬಂದದ್ದು ಅಲ್ಲಿಗೆ. ನಮ್ಮ ಯಜಮಾನರು ಮಿಡ್ಲ್ ಸ್ಕೂಲಿನಲ್ಲಿ ಮೇಷ್ಟ್ರು. ಪೇಟೆಬೀದಿಗೆ ಹೊಂದಿಕೊಂಡ ಓಣಿಯಲ್ಲಿ ನಮ್ಮ ಬಾಡಿಗೆ ಮನೆ. ನನಗೆ ಸ್ಪಂಜಿನ ಹಾಗೆ ಕೇಕು ಬೇಯಿಸಲು ಬರುತ್ತಿತ್ತು. ಮುದ್ದೆ ತಿರುವಲು ಬರುತ್ತಿರಲಿಲ್ಲ. ಮದ್ದೂರಿನಲ್ಲಿ ನನ್ನಷ್ಟು ಕೆಲಸಕ್ಕೆ ಬಾರದ ಹೆಂಗಸು ಇನ್ನೊಬ್ಬಳಿರಲಿಲ್ಲ. ನನಗೆ ಮುದ್ದೆ ಕಲಿಸಿದವಳು ಗೋಡೆಯಾಚೆಯ ಕೆಂಪಮ್ಮ. ಅವಳ ಗಂಡ ತಿಮ್ಮಯ್ಯ. ಸಕ್ಕರೆ ಅಚ್ಚು ಹೊಯ್ಯುವುದು ಅವರ ಕಸುಬು. ಊರಲ್ಲಿ ಎಲ್ಲರೂ ಅವನನ್ನು ‘ಅಚ್ಚಿನ ತಿಮ್ಮಯ್ಯ’ ಎನ್ನುತ್ತಿದ್ದರು. ಅಚ್ಚುಗಳೆಲ್ಲ ಮಳವಳ್ಳಿಯಲ್ಲಿದ್ದ ಅವನ ಅಪ್ಪನ ಕಾಲದವು. ಒಂದೊಂದು ಅಚ್ಚೂ ಎರಡು ಹೋಳು. ಎರಡನ್ನೂ ಜೋಡಿಸಿ ದಾರದಿಂದ ಬಿಗಿದು ಪಾಕ ಹೊಯ್ಯಬೇಕು.

ಕೆಂಪಮ್ಮ ಹಿಂದಿನ ಸಂಜೆಯೇ ಅಚ್ಚುಗಳನ್ನು ಕೊಳಗದಲ್ಲಿ ನೆನೆಹಾಕುತ್ತಿದ್ದಳು. “ಒಣ್ಗಿದ್ ಮರ ಸಕ್ಕರೆ ಬುಡಾಕಿಲ್ಲ ಕಣಮ್ಮಾರೆ. ಒಟ್ಟೆ ತುಂಬ ನೀರ್ ಕುಡುದ್ರೆ ತಾನಾಗೇ ಬುಟ್ಕೊಡ್ತದೆ. ಮನುಸ್ರೂ ಅಂಗೇ ಅಲ್ವಾ?” ಎನ್ನುತ್ತಿದ್ದಳು. ಬೆಳಗ್ಗೆ ತಿಮ್ಮಯ್ಯ ಸಕ್ಕರೆ ಕರಗಿಸಿ, ಹಾಲು ಬಿಟ್ಟು, ಮೇಲೆ ಬಂದ ಕೊಳೆಯನ್ನು ತೆಗೆದು, ಬಟ್ಟೆಯಲ್ಲಿ ಸೋಸುತ್ತಿದ್ದ. ಆಮೇಲೆ ಸ್ವಲ್ಪ ಸ್ವಲ್ಪವೇ ಕುದಿಸಿ, ಪಾಕ ಬೆಳ್ಳಗಾಗುವ ಹೊತ್ತಿಗೆ ಸರಿಯಾಗಿ ಅಚ್ಚಿಗೆ ಸುರಿಯುವುದು. ಒಂದು ಉಸಿರು ತಡವಾದರೆ ಬಾಣಲೆಯಲ್ಲೇ ಕಲ್ಲು. ಆಗ ಮಾತಾಡಿಸಿದರೆ ಅವನಿಗೆ ಕೋಪ. ದಾರ ಬಿಚ್ಚಿ, ಮೇಲಿನ ಹೋಳನ್ನು ಎತ್ತಿ, ಗಿಣಿ ಮೂಗು ಮುರಿಯದೆ ಹೊರಬಂದರೆ ಮಾತ್ರ ಮುಖದಲ್ಲಿ ನಗು. ಆ ವಾಸನೆ ಗೋಡೆ ಹಾರಿ ನಮ್ಮ ಒಗೆದ ಬಟ್ಟೆಗೂ ಹತ್ತುತ್ತಿತ್ತು. ನಮ್ಮವರು ಶಾಲೆಗೆ ಹೋದರೆ ಹುಡುಗರು, “ಮೇಷ್ಟ್ರು ಇವತ್ತು ಸಿಹಿಯಾಗವ್ರೆ” ಎಂದು ಗುಸುಗುಸು ಮಾಡುತ್ತಿದ್ದರಂತೆ.

ಯುದ್ಧ ಬಂತು, ಎಲ್ಲಕ್ಕೂ ಕಂಟ್ರೋಲ್ ಬಂತು, ಸರ್ಕಾರ ಅಳೆದುಕೊಟ್ಟಷ್ಟೇ. ಅಕ್ಕಿಗೆ, ಸೀಮೆಎಣ್ಣೆಗೆ, ಬಟ್ಟೆಗೆ, ಸಕ್ಕರೆಗೆ. ನಮ್ಮ ಕಡೆಯ ವಿಚಿತ್ರವೆಂದರೆ, ಕಬ್ಬು ನಮ್ಮ ಸುತ್ತಲೇ ಬೆಳೆಯುತ್ತಿತ್ತು. ಮಂಡ್ಯದಲ್ಲಿ ಕಾರ್ಖಾನೆಯ ಚಿಮಣಿ ಹೊಗೆಯುಗುಳುತ್ತಲೇ ಇತ್ತು. ಸಕ್ಕರೆ ತುಂಬಿದ ರೈಲು ನಮ್ಮ ಸ್ಟೇಷನ್ನಿನ ಮೂಲಕವೇ ಬೆಂಗಳೂರಿಗೆ ಹೋಗುತ್ತಿತ್ತು. ಮಕ್ಕಳು ಬೇಲಿಯ ಬಳಿ ನಿಂತು “ಸಕ್ಕರೆ ಗಾಡಿ ಓಯ್ತು, ಸಕ್ಕರೆ ಗಾಡಿ ಓಯ್ತು” ಎಂದು ಕೈ ಬೀಸುತ್ತಿದ್ದರು. ಮನೆಗೆ ಬಂದು ಬೆಲ್ಲದ ಕಾಫಿ ಕುಡಿಯುತ್ತಿದ್ದರು.

ತಿಮ್ಮಯ್ಯನಿಗೆ ವರ್ಷಕ್ಕೊಂದು ಸಲ, ಸಂಕ್ರಾಂತಿಗೆ ಮುಂಚೆ, ಪರ್ಮಿಟ್ಟಿನ ಮೇಲೆ ಒಂದು ಮೂಟೆ ಸಕ್ಕರೆ ಸಿಗುತ್ತಿತ್ತು. ಉಳಿದ ದಿನಗಳಲ್ಲಿ ಕಡ್ಲೆಪುರಿ, ಬೆಲ್ಲದ ಮಿಠಾಯಿ ಮಾರಿ ಹೇಗೋ ದೂಡುತ್ತಿದ್ದರು. ಆದರೆ ಅವರ ವರ್ಷ ನಿಲ್ಲುತ್ತಿದ್ದುದು ಆ ಒಂದು ಮೂಟೆಯ ಮೇಲೆ. ಅದು ಬಂದ ದಿನ ಕೆಂಪಮ್ಮ ಮೂಟೆಗೆ ಅರಿಶಿನ ಕುಂಕುಮ ಇಡುತ್ತಿದ್ದಳು, ಮಗಳು ತವರಿಗೆ ಬಂದಳೇನೋ ಎನ್ನುವ ಹಾಗೆ.

ಯುದ್ಧ ಮುಗಿಯಿತು, ಕಂಟ್ರೋಲ್ ಮುಗಿಯಲಿಲ್ಲ. ಆ ಚಳಿಗಾಲ ಬ್ರಿಟಿಷ್ ಸೀಮೆಯಲ್ಲೆಲ್ಲ ದಿಲ್ಲಿಯ ಸಭೆಗೆ ಎಲೆಕ್ಷನ್ ಎಂದು ಸುದ್ದಿ. ನಾವು ಮಹಾರಾಜರ ಸೀಮೆಯವರು, ನಮಗೆ ಅದರಲ್ಲಿ ಓಟಿಲ್ಲ. ಆದರೂ ನಮ್ಮ ಮನೆಯ ಜಗಲಿಯಲ್ಲಿ ನಡೆದಷ್ಟು ಎಲೆಕ್ಷನ್ ದಿಲ್ಲಿಯಲ್ಲೂ ನಡೆದಿರಲಾರದು. ನಮ್ಮವರಿಗೆ ರೈಲಿನಲ್ಲಿ ಒಂದು ದಿನ ತಡವಾಗಿ ಬರುತ್ತಿದ್ದ ಇಂಗ್ಲಿಷ್ ಪೇಪರನ್ನು ಕೇಳಲು ಸಂಜೆ ಮೂವರು ಬಂದು ಕೂರುತ್ತಿದ್ದರು. ತಿಮ್ಮಯ್ಯ, ದರ್ಜಿ ಸಿದ್ದಪ್ಪ, ಕಾಫಿ ಕ್ಲಬ್ಬಿನ ಭಟ್ಟರು. ನಾನು ಬಾಗಿಲ ಮರೆಯಲ್ಲಿ ಕ್ರೋಶಾ ಹಿಡಿದು ಕೂತು ಹೆಣಿಗೆ ತಪ್ಪುತ್ತಿದ್ದೆ.

ಗೆಲ್ಲುವವರು ಯಾರು ಎಂಬುದರಲ್ಲಿ ಅವರಿಗೆ ಅನುಮಾನವೇ ಇರಲಿಲ್ಲ. ಖಾದಿಯವರೇ ಗೆಲ್ಲುವುದು. ಗೆದ್ದರೆ ನಮ್ಮ ಅಂಗಡಿಗೇನು, ಎಂಬುದೊಂದೇ ಪ್ರಶ್ನೆ.

ಸಿದ್ದಪ್ಪ ಹೇಳುತ್ತಿದ್ದ: “ಲಾ ತಿಮ್ಮ, ಅವ್ರು ಗೆದ್ರೆ ಎಲ್ರೂ ಖಾದಿ ತೊಡ್ಬೇಕಂತೆ ಕಣ್ಲಾ. ಆ ಗೋಣಿತಾಟ್ನ ಒಲ್ಯಾಕೋಗಿ ನನ್ ಮಿಸನ್ನು ಅಲ್ಲು ಮುರ್ಕತದೆ.”

“ನಿನಗೆ ಮಿಷನ್ನಿನ ಚಿಂತೆ,” ಎಂದರು ಭಟ್ಟರು. “ನನ್ನ ಗಿರಾಕಿಗಳು ಬೆಲ್ಲದ ಕಾಫಿ ಕುಡಿದು ನನ್ನ ಮೂರು ತಲೆಮಾರಿಗೆ ಶಾಪ ಹಾಕ್ತಿದ್ದಾರಲ್ಲಯ್ಯ. ನನಗೆ ಸಕ್ಕರೆ ಕೊಡೋ ಸರ್ಕಾರ ಯಾವುದಾದರೂ ಆಗಲಿ, ಅದೇ ರಾಮರಾಜ್ಯ.”

“ಕಂಟ್ರೋಲ್ ಮಾಡ್ದೋರ್ ಯಾರು? ಬಿಳಿಯೋರು,” ಎಂದು ತಿಮ್ಮಯ್ಯ ಬೆರಳು ಮಡಿಸಿ ವಾದ ಹೂಡುತ್ತಿದ್ದ. “ಯಾಕ್ ಮಾಡುದ್ರು? ಯುದ್ದುಕ್ಕೆ. ಯುದ್ದ ಮುಗೀತು. ಈಗ ನಮ್ಮೋರು ಬತ್ತಾರೆ. ಬಂದ್ ದಿನ್ವೇ ಎತ್ಬುಡ್ತಾರೆ. ಇದ್ರಾಗೆ ಏಳೋದೇನದೆ, ಮೇಷ್ಟ್ರೇ?”

ನಮ್ಮವರು ಪೇಪರು ಮಡಿಸುತ್ತ, “ನೋಡೋಣಪ್ಪ,” ಎಂದರು. ಜಗತ್ತಿನ ಎಲ್ಲ ಪ್ರಶ್ನೆಗೂ ಅವರ ಉತ್ತರ ಅದೇ. ನಮ್ಮ ಮದುವೆಯ ಮಾತು ಬಂದಾಗಲೂ ಹಾಗೇ ಅಂದಿದ್ದರಂತೆ.

ಗೋಡೆಯಾಚೆಯಿಂದ ಕೆಂಪಮ್ಮನ ದನಿ ಬಂತು. ಅವಳ ತವರು ಹೊಳೆಯಾಚೆಯ ಕೊಳ್ಳೇಗಾಲದ ಕಡೆ. ಅದಾಗ ಬ್ರಿಟಿಷರ ಸೀಮೆಗೆ ಸೇರಿತ್ತು. “ತಾವೇ ಓಟ್ ಆಕ್ ಬಂದೋರಂಗೆ ಕುಣೀತಾರೆ ನೋಡು. ಒಳೆ ಆಚ್ಗೆ ನಮ್ಮಣ್ಣುಂಗಾದ್ರೆ ಕಂದಾಯ ಕಟ್ತಾನೆ, ಓಟದೆ. ನಿಮ್ಗೇನದೆ?”

“ನಂಗೆ ಓಟ್ ಇರೋ ಬಾವಮೈದ ಅವ್ನಲ್ಲಮ್ಮಿ!” ಎಂದ ತಿಮ್ಮಯ್ಯ. ಜಗಲಿಯೆಲ್ಲ ನಕ್ಕಿತು. ನಾನೂ ಬಾಗಿಲ ಹಿಂದೆ ನಕ್ಕು ಇನ್ನೊಂದು ಹೆಣಿಗೆ ತಪ್ಪಿದೆ. ಅವತ್ತು ಹೆಣೆಯುತ್ತಿದ್ದ ಮೇಜುಹಾಸು ಇಂದಿಗೂ ಒಂದು ಮೂಲೆಯಲ್ಲಿ ಸೊಟ್ಟಗಿದೆ.

ಸಂಕ್ರಾಂತಿಗೆ ಸ್ವಲ್ಪ ದಿನ ಮುಂಚೆ ದಿಲ್ಲಿಯ ಫಲಿತಾಂಶ ಪೇಪರಿನಲ್ಲಿ ಬಂತು. ಖಾದಿಯವರು ಗೆದ್ದಿದ್ದರು. ಅವತ್ತು ಬೆಳಗ್ಗೆಯೇ ನಮ್ಮವರು ಓದಿ ಹೇಳುತ್ತಿದ್ದಾಗ ತಿಮ್ಮಯ್ಯ ಕೂತಿರಲಿಲ್ಲ, ನಿಂತೇ ಕೇಳಿದ. ಪೂರ್ತಿ ಕೇಳಲೂ ಇಲ್ಲ. ಮೇಲುಹೊದಿಕೆಯನ್ನು ಹೆಗಲಿಗೆ ಹಾಕಿಕೊಂಡು ತನ್ನ ಮನೆಗೆ ಹೋದ. ಆ ವರ್ಷದ ಮೂಟೆ ಆಗಷ್ಟೇ ಬಂದಿತ್ತು. ವರ್ಷವೆಲ್ಲ ಒಣಗಿದ್ದ ಅಚ್ಚುಗಳನ್ನು ಕೆಂಪಮ್ಮ ಆಗಲೇ ನೀರಿಗೆ ಹಾಕಿದ್ದಳು.

ಸ್ವಲ್ಪ ಹೊತ್ತಿಗೆ ಗೋಡೆಯಾಚೆಯಿಂದ ಪಾಕದ ವಾಸನೆ. ಹಬ್ಬಕ್ಕೆ ಇನ್ನೂ ದಿನವಿರುವಾಗ ಈಗಲೇ ಯಾಕೆ ಎಂದು ನಾನು ಹಿತ್ತಲ ಗೋಡೆಯ ಬಳಿ ಹೋದೆ. ಕೆಂಪಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ತಿಮ್ಮಯ್ಯ ಒಲೆಯ ಮುಂದೆ.

“ನೀವಾದ್ರೂ ಏಳಿ ಅಮ್ಮಾರೆ. ಸಕ್ಕರೆ ಅಂಚ್ತಾರಂತೆ!”

ಒಳ್ಳೆಯ ಸುದ್ದಿ ಬಂದರೆ ಸಕ್ಕರೆ ಹಂಚುವುದು ನಮ್ಮಲ್ಲಿ ಇದ್ದದ್ದೇ. ಮಗ ಹುಟ್ಟಿದರೆ ಹಂಚುತ್ತಾರೆ, ಮಗ ಪಾಸಾದರೆ ಹಂಚುತ್ತಾರೆ. ಬರಿಗೈಯಲ್ಲಿ ಹೇಳಿದ ಸಿಹಿಸುದ್ದಿ ನಿಲ್ಲುವುದಿಲ್ಲ ಎಂದು ನಮ್ಮತ್ತೆಯೂ ಹೇಳುತ್ತಿದ್ದರು. ಆದರೆ ಹಂಚುವವರು ಒಂದು ತಟ್ಟೆಯಲ್ಲಿ ಹಂಚುತ್ತಾರೆ. ಚಿಟಿಕೆ ಚಿಟಿಕೆ. ತಿಮ್ಮಯ್ಯ ಒಬ್ಬೊಬ್ಬರಿಗೆ ಒಂದೊಂದು ಗಿಣಿಯೇ ಕೊಡುತ್ತೇನೆಂದು ಹೊರಟಿದ್ದ.

“ಅರ್ದ ಮೂಟೆನಾದ್ರೂ ಅಬ್ಬುಕ್ಕೆ ಇಟ್ಕಳಿ ಅಂದೆ,” ಎಂದಳು ಕೆಂಪಮ್ಮ.

“ದೇಸ ಗೆದ್ದದೆ, ಅರ್ದ ಅಂಚ್ತಾರಾ?” ಎಂದ ಅವನು ಬಾಣಲೆಯಿಂದ ಕಣ್ಣು ತೆಗೆಯದೆ. “ಇನ್ನೊಂದ್ ವಾರುಕ್ಕೆ ಕಂಟ್ರೋಲ್ ಓಯ್ತದೆ. ಆಗ ಬೇಕಾದಷ್ಟು ಬತ್ತದೆ ಕಣಮ್ಮಿ. ಅಬ್ಬುಕ್ಕೆ ಮೂಟೆ ಮೂಟೆ ತತ್ತೀನಿ. ಊರ್ಗೆಲ್ಲ ಸಕ್ಕರೆ ಮಾರೋನು ನಾನು. ಇಂತಾ ದಿನ ನಾನೇ ಕೈ ಮುಚ್ಕಂಡ್ರೆ, ಮುಂದ್ಕೆ ನನ್ ಕೈಲಿ ಯಾರಾದ್ರೂ ಸಕ್ಕರೆ ತಕತಾರಾ?”

ಅವನ ವಾದದಲ್ಲಿ ಒಂದು ನ್ಯಾಯವಿತ್ತು. ಅದೇ ಅದರ ಕಷ್ಟ.

ಅವತ್ತು ಮಧ್ಯಾಹ್ನ, ಮಾರನೆಯ ದಿನ ಇಡೀ, ತಿಮ್ಮಯ್ಯ ಬಿದಿರಿನ ಮೊರದಲ್ಲಿ ಬಾಳೆಲೆ ಹಾಸಿ, ಅದರ ಮೇಲೆ ಗಿಣಿಗಳನ್ನು ಕೂರಿಸಿಕೊಂಡು ಪೇಟೆಯಲ್ಲೆಲ್ಲ ತಿರುಗಿದ. ಆನೆ, ತುಳಸಿಕಟ್ಟೆ ಯಾವುದೂ ಅಲ್ಲ, ಬರೀ ಗಿಣಿ. ಗಿಣಿ ಸುದ್ದಿ ಹೇಳುತ್ತದೆ ಎಂದು ಅವನ ತರ್ಕ. “ಬಾಯ್ ಸೀ ಮಾಡ್ಕಳಿ. ನಮ್ಮೋರು ಗೆದ್ದವ್ರೆ. ಕಂಟ್ರೋಲ್ ಓಯ್ತದೆ” ಎನ್ನುತ್ತ ಪಕ್ಕದ ಕೊಪ್ಪದಿಂದ ಕಬ್ಬಿನ ಗಾಡಿ ಹೊಡೆದುಕೊಂಡು ಬಂದವರಿಗೂ ಕೊಟ್ಟ. ಅವರು ಗಾಡಿಯ ತುಂಬ ಕಬ್ಬಿಟ್ಟುಕೊಂಡು, ಎಷ್ಟೋ ಕಾಲಕ್ಕೆ ಸಕ್ಕರೆಯ ರುಚಿ ನೋಡಿದರು. ಸಿದ್ದಪ್ಪ ಗಿಣಿಯ ತಲೆ ಕಚ್ಚಿ, “ಲೇ, ಇದ್ಕೂ ಖಾದಿ ಅಂಗಿ ಒಲೀಬೇಕೇನ್ಲಾ?” ಎಂದ. ಭಟ್ಟರು ಅವನ ಕಣ್ಣು ತಪ್ಪಿಸಿ ಗಿಣಿಯನ್ನು ಕಾಫಿಯೊಳಗೇ ಮುಳುಗಿಸಿದರಂತೆ. ಸೈಕಲ್ಲಿನಲ್ಲಿ ಎದುರಾದ ಸಪ್ಲೈ ಇನ್ಸ್‌ಪೆಕ್ಟರಿಗೂ ತಿಮ್ಮಯ್ಯ ಮೊರ ಒಡ್ಡಿದ. ಅವರು ಕಾಲೂರಿ ನಿಂತು ಒಂದು ತಿಂದರು, ಮೀಸೆ ಒರೆಸಿಕೊಂಡು, ಮನೆಯವರಿಗೆಂದು ಇನ್ನೊಂದನ್ನು ಕರ್ಚೀಫಿನಲ್ಲಿ ಕಟ್ಟಿಕೊಂಡರು.

ನಮ್ಮ ಮನೆಗೂ ಬಂತು ಗಿಣಿ. ನನ್ನ ಮಗ ಆಗ ಪುಟ್ಟವನು. ತಿನ್ನದೆ ಕೈಯಲ್ಲಿ ಹಿಡಿದೇ ಓಡಾಡಿದ. ಸಂಜೆಯ ಹೊತ್ತಿಗೆ ಅದು ಕರಗಿ ಅಂಗೈಗೆ ಅಂಟಿಕೊಂಡಿತ್ತು. ಬಿಡಿಸಲು ಹೋದರೆ ಗಿಣಿ ಸತ್ತುಹೋಯಿತೆಂದು ಅತ್ತ.

ಸಂಕ್ರಾಂತಿ ಬಂತು. ಎಳ್ಳು ಬೀರುವ ಹೆಂಗಸರು ಅಚ್ಚಿಗೆಂದು ತಟ್ಟೆ ಹಿಡಿದು ತಿಮ್ಮಯ್ಯನ ಬಾಗಿಲಿಗೆ ಬಂದರು. ಒಳಗೆ ಖಾಲಿ ಚೀಲ ಮಡಿಸಿಟ್ಟಿತ್ತು. “ಬತ್ತದೆ, ಬತ್ತದೆ. ಕಂಟ್ರೋಲ್ ಎತ್ತೋರವ್ರೆ” ಎಂದು ಅವನು, “ಬೇಜಾರ್ ಮಾಡ್ಕಬ್ಯಾಡಿ ಕಣ್ರವ್ವ” ಎಂದು ಅವಳು. ತಿಮ್ಮಯ್ಯ ದಿನವೂ ಬಂದು ನಮ್ಮ ಜಗಲಿಯಲ್ಲಿ ಕೂತು “ಏನಂತೆ ಮೇಷ್ಟ್ರೇ?” ಎನ್ನುತ್ತಿದ್ದ. ಗೆದ್ದವರು ಇನ್ನೂ ಅಧಿಕಾರದಲ್ಲಿ ಕೂತಿಲ್ಲ, ಮಾತುಕತೆ ನಡೆದಿದೆ, ಎಂದು ನಮ್ಮವರು ತಿಳಿಸಿ ಹೇಳಿದರೆ ಅದು ಅವನ ತಲೆಗೆ ಹತ್ತುತ್ತಿರಲಿಲ್ಲ. “ಕುಸ್ತೀಲಿ ಗೆದ್ದೋನ್ಗೆ ಅವತ್ತೇ ಬೆಳ್ಳಿ ಬಳೆ ತೊಡಿಸ್ತಾರೆ. ಇದ್ಯಾವ್ ಸೀಮೆ ಗೆಲುವು ಮೇಷ್ಟ್ರೇ?” ಎಂದ. ನಮ್ಮವರು ಪೇಪರನ್ನು ಮತ್ತೆ ಮೊದಲ ಪುಟದಿಂದ ಓದತೊಡಗಿದರು.

ಹಬ್ಬ ಕಳೆದ ಮೇಲೆ ಇನ್ಸ್‌ಪೆಕ್ಟರು ಪರ್ಮಿಟ್ಟಿನ ಸಕ್ಕರೆ ತನಿಖೆಗೆ ಬಂದರು. ಮೀಸೆ ಅದೇ, ಸೈಕಲ್ಲೂ ಅದೇ.

“ಎಲ್ಲಿ ಮಾರಿದೆ?”

“ಮಾರ್ಲಿಲ್ಲ ಸೋಮಿ. ಅಂಚ್ಬುಟ್ಟೆ. ತಮ್ಗೂ ಕೊಟ್ನಲ್ಲ,” ಎಂದ ತಿಮ್ಮಯ್ಯ. ಹೆಮ್ಮೆಯಿಂದಲೇ ಹೇಳಿದ. ಸುಳ್ಳು ಹೇಳಬೇಕೆಂಬುದು ಅವನಿಗೆ ಹೊಳೆಯಲೇ ಇಲ್ಲ.

ಇನ್ಸ್‌ಪೆಕ್ಟರು ಒಂದು ಕ್ಷಣ ನೆಲ ನೋಡಿದರು. “ಪರ್ಮಿಟ್ ಕೊಟ್ಟಿದ್ದು ಕಸುಬಿಗೆ. ಊರಿಗೆಲ್ಲ ಪುಕ್ಕಟೆ ಹಂಚೋ ಅಷ್ಟು ಸಕ್ಕರೆ ನಿನ್ನ ಹತ್ರ ಇದೆ ಅಂದ್ರೆ, ನಿನಗೆ ಪರ್ಮಿಟ್ ಯಾಕೆ?” ಎಂದರು. ಆಮೇಲೆ ದನಿ ತಗ್ಗಿಸಿ, “ಅದೂ ಯಾರು ಗೆದ್ದರು ಅಂತ ಹಂಚಿದೆ? ಇದು ಮಹಾರಾಜರ ಸೀಮೆ ಕಣಯ್ಯ,” ಎಂದರು.

ಪರ್ಮಿಟ್ ಹೋಯಿತು.

ಭಟ್ಟರೋ ಸಿದ್ದಪ್ಪನೋ ಮುಂದೆ ಬಂದು, ನಾವು ದುಡ್ಡು ಕೊಟ್ಟೇ ಕೊಂಡೆವು ಎಂದಿದ್ದರೆ ಪಾರಾಗುತ್ತಿದ್ದನೋ ಏನೋ. ಬರಲಿಲ್ಲ. ಅವರು ಕೆಟ್ಟವರಲ್ಲ. ಭಟ್ಟರು ಒಂದು ದಿನ ನಮ್ಮ ಜಗಲಿಯಲ್ಲಿ, ತಿಮ್ಮಯ್ಯನಿಲ್ಲದ ಹೊತ್ತಿನಲ್ಲಿ, ಒಳಬಾಗಿಲಿಗೆ ಕೇಳುವಂತೆ ಹೇಳಿದರು: “ಬಾಯಿಗೆ ಬಂದಿತ್ತಮ್ಮ ಮಾತು. ಆದರೆ ನನ್ನ ಕಾಫಿಪುಡಿಯೂ ಪರ್ಮಿಟ್ಟಿನದೇ. ಸಿದ್ದಪ್ಪನ ದಾರವೂ ಪರ್ಮಿಟ್ಟಿನದೇ. ಅದೇ ಮೀಸೆ ನಮ್ಮ ಬಾಗಿಲಿಗೂ ಬರುತ್ತಲ್ಲ.” ಪೇಟೆಬೀದಿಯ ಒಂದೊಂದು ಅಂಗಡಿಯೂ ಒಂದೊಂದು ಕಾಗದಕ್ಕೆ ನೇತುಬಿದ್ದಿತ್ತು. ಒಬ್ಬನ ಕಾಗದ ಹರಿದಾಗ ಉಳಿದವರು ತಮ್ಮದನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದುಕೊಂಡರು. ನಮ್ಮವರು ತಾಲ್ಲೂಕು ಕಚೇರಿಗೆ ಹೋಗಿ ಬಂದರು. ಅವರಿಗೆ ಅಲ್ಲಿ ಕುರ್ಚಿ ಕೊಟ್ಟು, ಕಾಫಿ ಕೊಟ್ಟು, “ನೋಡೋಣ ಮೇಷ್ಟ್ರೇ” ಎಂದರಂತೆ. ತಮ್ಮ ಮಾತು ತಮಗೇ ತಿರುಗಿ ಬಂದದ್ದಕ್ಕೋ ಏನೋ, ಅವತ್ತು ಅವರು ಊಟ ಮಾಡಲಿಲ್ಲ.

ಆ ವರ್ಷವೇ ದಿಲ್ಲಿಯಲ್ಲಿ ಖಾದಿಯವರು ಅಧಿಕಾರದಲ್ಲಿ ಕೂತರು. ತಿಮ್ಮಯ್ಯ ಮತ್ತೆ ಪೇಪರಿಗೆ ಬಂದ. ಅವರು ಕೂತರು, ಕಂಟ್ರೋಲೂ ಅವರ ಪಕ್ಕದಲ್ಲೇ ಚಕ್ಕಳಮಕ್ಕಳ ಹಾಕಿ ಕೂತಿತು.

ಮುಂದಿನ ಸಂಕ್ರಾಂತಿಗೆ ತಿಮ್ಮಯ್ಯ ಬೆಲ್ಲದಲ್ಲಿ ಅಚ್ಚು ಹೊಯ್ದ. ಬೆಲ್ಲಕ್ಕೆ ನಮ್ಮಲ್ಲಿ ಬರವಿಲ್ಲವಲ್ಲ. ಆದರೆ ಬೆಲ್ಲ ಆ ಸಣ್ಣ ಕೆತ್ತನೆಯ ಮಾತು ಕೇಳುವುದಿಲ್ಲ. ಅಚ್ಚಿಗೆ ಅಂಟಿಕೊಂಡಿತು. ಚಾಕುವಿನಿಂದ ಮೀಟಿ ಮೀಟಿ ತೆಗೆದ. ಕಂದುಬಣ್ಣದ ಏನೋ ಒಂದು ಹೊರಬಂತು, ಕೊಕ್ಕಿಲ್ಲ, ರೆಕ್ಕೆ ಅರ್ಧ. ಸಿದ್ದಪ್ಪ ನೋಡಿ, “ಗಿಣಿ ಅಂದ್ಬುಟ್ಟು ಕಾಗೆ ಮಾರ್ತೀಯಲ್ಲೋ ತಿಮ್ಮ! ತಿತಿ ದಿನುಕ್ಕಾದ್ರೆ ಕೊಡು, ಪಿಂಡ ಮುಟ್ತದೆ” ಎಂದ. ಪೇಟೆಯೆಲ್ಲ ನಕ್ಕಿತು. ತಿಮ್ಮಯ್ಯನೂ ನಕ್ಕ. ಕೆಂಪಮ್ಮ ಮಾತ್ರ ಆ ಅಚ್ಚನ್ನು ಸೆರಗಿನಲ್ಲಿ ಒರೆಸುತ್ತ, ಗೀರಿದ ಜಾಗವನ್ನು ಹೆಬ್ಬೆರಳಿನಿಂದ ನೀವುತ್ತ ಕೂತಿದ್ದಳು.

ಬೇಸಗೆಯಲ್ಲಿ ಅವರು ಮನೆ ಬಿಟ್ಟರು. ಮಂಡ್ಯದ ರೈಲ್ವೆ ಗೂಡ್ಸ್ ಶೆಡ್ಡಿನಲ್ಲಿ ಮೂಟೆ ಹೊರುವ ಕೆಲಸ ಸಿಕ್ಕಿತ್ತಂತೆ. ಹೋಗುವ ದಿನ ಕೆಂಪಮ್ಮ ಹಿತ್ತಲ ಬಾಗಿಲಿನಿಂದ ಬಂದು ಸೆರಗಿನೊಳಗಿಂದ ಈ ಮರದ ತುಂಡನ್ನು ತೆಗೆದು ನನ್ನ ಕೈಗಿಟ್ಟಳು.

“ಇದೇನು, ಒಂದೇ ಹೋಳು?”

“ಎರ್ಡೂ ಕೊಟ್ರೆ ಮಾರ್ದಂಗಾಯ್ತದೆ ಕಣಮ್ಮಾರೆ. ಒಂದು ನಿಮ್ತಾವಿರ್ಲಿ, ಇನ್ನೊಂದು ನಮ್ತಾವಿರ್ಲಿ. ಸಕ್ಕರೆ ಬಂದ್ ದಿನ ನಾನೇ ಬತ್ತೀನಿ. ಎರ್ಡೂ ಸೇರ್ಸಿ ನಿಮ್ ಮಗೀಗೊಂದು ಗಿಣಿ ಉಯ್ದು ಕೊಡ್ತೀನಿ. ಅವತ್ತು ಅತ್ತಿತ್ತಲ್ಲ ಮಗ.”

“ಬಂದೇ ಬರ್ತೀಯಲ್ಲ?”

“ಬರ್ದೆ ಎಲ್ಲೋದೇನು? ನಿಮ್ಗಿನ್ನೂ ಮುದ್ದೆ ಗಂಟಿಲ್ದಂಗೆ ತಿರುವಾಕೆ ಬರಾಕಿಲ್ಲ,” ಎಂದು ನಕ್ಕು ಹೋದಳು.

ಆಗಸ್ಟಿನಲ್ಲಿ ಸ್ವಾತಂತ್ರ್ಯ ಬಂತು. ಶಾಲೆಯಲ್ಲಿ ಬಾವುಟ ಹಾರಿಸಿ ಮಕ್ಕಳಿಗೆ ಪೆಪ್ಪರಮಿಂಟು ಹಂಚಿದರು. ದೇಶ ನಿಜವಾಗಿ ಗೆದ್ದ ಆ ದಿನ ಮದ್ದೂರಿನಲ್ಲಿ ಸಕ್ಕರೆಯ ಗಿಣಿ ಹೊಯ್ಯುವವರು ಯಾರೂ ಇರಲಿಲ್ಲ. ನನ್ನ ಮಗ ಪೆಪ್ಪರಮಿಂಟು ಚೀಪುತ್ತ ಬಂದು, ಡಬ್ಬದಲ್ಲಿದ್ದ ಹೋಳನ್ನು ತೆಗೆದು ನೋಡಿ, “ಅಮ್ಮ, ಇದರ ಇನ್ನೊಂದು ಕಣ್ಣು ಎಲ್ಲಿ?” ಎಂದ. “ಮಂಡ್ಯದಲ್ಲಿದೆ” ಎಂದೆ. ಅವನಿಗೆ ಅದು ಸಾಕಾಯಿತು. ಗಿಣಿ ಒಂದು ಕಣ್ಣಿನಿಂದ ಮದ್ದೂರನ್ನೂ ಇನ್ನೊಂದರಿಂದ ಮಂಡ್ಯವನ್ನೂ ನೋಡುತ್ತದೆ ಎಂದು ಓಣಿಯ ಮಕ್ಕಳಿಗೆಲ್ಲ ಹೇಳಿಕೊಂಡು ಬಂದ.

ವರ್ಷ ಮುಗಿಯುವ ಹೊತ್ತಿಗೆ ಪೇಪರಿನಲ್ಲಿ ಆ ಸುದ್ದಿಯೂ ಬಂತು. ಸಕ್ಕರೆಯ ಕಂಟ್ರೋಲ್ ತೆಗೆದರು! ನಾನೇ ಎರಡು ಸಲ ಓದಿದೆ. ಕಾನ್ವೆಂಟಿನ ಇಂಗ್ಲಿಷು ಅವತ್ತೊಂದು ದಿನ ಉಪಯೋಗಕ್ಕೆ ಬಂತೆಂದು ಖುಷಿಯಾಯಿತು. ತಿಮ್ಮಯ್ಯ ಹೇಳಿದ್ದೇ ಆಯಿತಲ್ಲ, ಒಂದು ವಾರ ಅಂದದ್ದು ಎರಡು ವರ್ಷವಾಯಿತು ಅಷ್ಟೇ, ಎಂದುಕೊಂಡೆ. ಆ ಸಂಜೆಯೇ ಹೋಳನ್ನು ನೀರಿಗೆ ಹಾಕಿದೆ. ದಿನವೂ ನೀರು ಬದಲಿಸಿದೆ. ಸಕ್ಕರೆ ಬಂದ ದಿನ ಬರುತ್ತೇನೆ ಅಂದಿದ್ದಳಲ್ಲ.

ಸಕ್ಕರೆ ಮೊದಲು ಅಂಗಡಿಗಳಿಂದ ಮಾಯವಾಯಿತು. ಆಮೇಲೆ ಬಂತು, ದೊಡ್ಡ ಮಂಡಿಗಳವರು ಹೇಳಿದ ಬೆಲೆಗೆ. ಇದ್ದವರು ಮೂಟೆಗಟ್ಟಲೆ ಕೊಂಡು ಕೂಡಿಹಾಕಿದರು. ಭಟ್ಟರ ಕ್ಲಬ್ಬಿನಲ್ಲಿ ಕಾಫಿಯ ಲೋಟ ಚಿಕ್ಕದಾಯಿತು. ನಾನು ಹೇಗೋ ಗಿಣಿಗೆ ಸಾಕಾಗುವಷ್ಟು ತರಿಸಿ ಭರಣಿಯಲ್ಲಿಟ್ಟೆ.

ಒಂದು ಬೆಳಗ್ಗೆ ಕೆಂಪಮ್ಮ ಬಂದೇ ಬಂದಳು. ಹಿತ್ತಲ ಬಾಗಿಲಿನಿಂದಲೇ. ಇಳಿದುಹೋಗಿದ್ದಳು. ಮಳವಳ್ಳಿಯಲ್ಲಿ ಯಾರದೋ ತಿಥಿಗೆ ಹೋಗುವ ದಾರಿಯಂತೆ. ಕೂರಿಸಿ ಕಾಫಿಗೆ ಇಟ್ಟೆ. ಭರಣಿ ತೆಗೆಯುವಾಗ ಅವಳು ನೋಡುವಂತೆ ತುಸು ಜಂಬದಿಂದಲೇ ತೆಗೆದೆ.

“ಸಕ್ಕರೆ ಬ್ಯಾಡ ಕಣಮ್ಮಾರೆ. ಬೆಲ್ಲವೇ ಆಕಿ. ಅದೇ ರೂಡಿ ಆಗೋಗದೆ.”

“ತಿಮ್ಮಯ್ಯ ಹೇಗಿದ್ದಾನೆ?”

“ಅವ್ರೆ. ಮೂಟೆ ಒರ್ತಾರೆ. ಸಕ್ಕರೆ ಮೂಟೆನೇ,” ಎಂದಳು. “ಸಂಜಿಕೆ ಬಂದು ಮೈ ಒದ್ರುದ್ರೆ ಬಟ್ಟೆಯಿಂದ ಸಕ್ಕರೆ ಉದುರ್ತದೆ. ಇರಿವೆ ಬತ್ತವೆ. ನಾವು ಗುಡ್ಸಿ ಆಚ್ಗಾಕ್ತೀವಿ.”

ಆಗ ಅವಳ ಕಣ್ಣು ಬೋಗುಣಿಯ ಮೇಲೆ ಬಿತ್ತು. ನೀರಿನಲ್ಲಿ ಹೋಳು ಮುಳುಗಿತ್ತು.

“ಇದ್ಯಾಕಮ್ಮಾರೆ ನೆನಾಕಿದ್ದೀರಿ?”

“ನೀನು ಬರ್ತೀಯ ಅಂತ. ಸಕ್ಕರೆ ಬಂತಲ್ಲ. ಇನ್ನೊಂದು ಹೋಳು ತಂದಿದ್ದೀಯ ತಾನೇ?”

ಅವಳು ಕೈ ಅದ್ದಿ ಹೋಳನ್ನು ಎತ್ತಿ, ಸೆರಗಿನಲ್ಲಿ ಒರೆಸಿದಳು. ಕಣ್ಣು, ರೆಕ್ಕೆ, ಗೀರು, ಎಲ್ಲ ಒರೆಸಿದಳು.

“ಕಂಟ್ರೋಲ್ ಎತ್ತವ್ರೆ ಅಂತ ಸುದ್ದಿ ಬಂದ್ ದಿನ ಅವ್ರು ಕೆಲ್ಸ ಬುಟ್ಟು ಮಂಡಿಗೋದ್ರು. ಅಚ್ಚಿಗೆ ಸಕ್ಕರೆ ಕೇಳಾಕೆ. ಅವ್ರೇನ್ ಏಳುದ್ರೋ, ನಂಗ್ ಏಳ್ಲಿಲ್ಲ. ಮನೆಗ್ ಬಂದು ‘ಒಲೆ ಉರಿ ಮಾಡು, ಮೈ ಕಾಯ್ಸ್ಕಬೇಕು’ ಅಂದ್ರು. ಸೌದೆ ಅಸಿ ಇತ್ತು, ಅತ್ಕಳ್ಲಿಲ್ಲ. ಅಚ್ಚಿನ್ ಗಂಟ್ನ ತಂದು ಒಂದೊಂದೇ ಒಲೆಗಾಕುದ್ರು. ಆನೆ, ಬುಟ್ಟಿ, ತುಳಸಿಕಟ್ಟೆ. ಗಿಣಿ ಓಳು ಕೈಗ್ ಬಂದಾಗ ‘ಇದ್ರು ಜೊತೆದೆಲ್ಲಿ?’ ಅಂದ್ರು. ಮದ್ದೂರ್ನಲ್ಲಿ ಅದೆ ಅಂದೆ. ವಸಿ ಒತ್ತು ಇಡ್ಕಂಡಿದ್ರು. ಆಮೇಲೆ ಅದ್ನೂ ಆಕುದ್ರು.”

ಕಾಫಿ ಉಕ್ಕಿತು.

“ಅಮ್ಮಾರೆ,” ಎಂದಳು ಅವಳು, ಯಾವುದೋ ಗುಟ್ಟು ಹೇಳುವ ಹಾಗೆ. “ಅವ್ರಪ್ಪನ್ ಕಾಲ್ದಿಂದ ಸಕ್ಕರೆ ಕುಡ್ದಿದ್ ಮರ ಅಲ್ವಾ. ಉರೀವಾಗ ಬೀದಿಗೆಲ್ಲ ಗಮ್ಮಂತು. ಪಕ್ಕದ್ ಮನೆಯೋಳು ಬಂದು, ‘ಏನವ್ವ ಕೆಂಪಮ್ಮ, ಪಾಕ ಇಟ್ಟಿದ್ದೀಯ, ಏನಿಸೇಸ?’ ಅಂದ್ಲು.”

ಹೋಗುವಾಗ ಹೋಳನ್ನು ಅವಳ ಕೈಗೆ ಕೊಡಲು ಹೋದೆ. “ನಿಮ್ತಾವೇ ಇರ್ಲಿ ಬುಡಿ. ನಮ್ ಮನೇಲಿ ಒಲೆ ಅದೆ,” ಎಂದಳು. ಓಣಿಯ ತಿರುವಿನಲ್ಲಿ ಹಿಂದಿರುಗಿ ನೋಡುತ್ತಾಳೆಂದು ನಿಂತಿದ್ದೆ. ನೋಡಲಿಲ್ಲ. ಆಮೇಲೆ ಅವಳು ಬರಲೂ ಇಲ್ಲ.

ಭರಣಿಯ ಸಕ್ಕರೆ ಕಾಫಿಗೆ ಖರ್ಚಾಯಿತು. ಆಮೇಲೆ ಎಷ್ಟೋ ಎಲೆಕ್ಷನ್ನುಗಳು ಬಂದವು. ನಮಗೂ ಓಟು ಬಂತು. ಬೆರಳಿಗೆ ಮಸಿ ಹಚ್ಚಿಸಿಕೊಂಡು ನಾನೂ ಹಾಕಿ ಬರುತ್ತೇನೆ. ಗೆದ್ದವರ ಕಡೆಯವರು ಬೀದಿಯಲ್ಲಿ ಸಿಹಿ ಹಂಚುತ್ತಾರೆ. ಕೈಯೊಡ್ಡಿದರೆ ನನಗೂ ಕೊಡುತ್ತಾರೆ. ಮೊಮ್ಮಕ್ಕಳಿಗೆ ಕೊಟ್ಟುಬಿಡುತ್ತೇನೆ.

ಹೋಳನ್ನು ಮಾತ್ರ ವರ್ಷಕ್ಕೊಮ್ಮೆ ನೆನೆಹಾಕುತ್ತೇನೆ. ನೆನೆಯದಿದ್ದರೆ ಮರ ಸೀಳುತ್ತದೆಂದು ಸೊಸೆಗೆ ಹೇಳಿದ್ದೇನೆ. ಬೆಳಗ್ಗೆ ನೀರಿನಿಂದ ಎತ್ತಿ ಮೂಗಿನ ಹತ್ತಿರ ಹಿಡಿದರೆ ಎಲ್ಲೋ ಆಳದಿಂದ, ಈಗಲೂ, ಸಣ್ಣಗೆ ಸಕ್ಕರೆಯ ವಾಸನೆ ಬರುತ್ತದೆ. ಒಂದೇ ಉಸಿರು. ಆಮೇಲೆ ಆ ಒಲೆಯ ಬಗ್ಗೆ ಕೆಂಪಮ್ಮ ಹೇಳಿದ್ದು ನೆನಪಾಗಿ, ಬೇಗ ಬೇಗ ಒರೆಸಿ, ಡಬ್ಬದ ಮುಚ್ಚಳ ಹಾಕಿಬಿಡುತ್ತೇನೆ.